ಬೇಲಿಯೊಳಗೆ ಆರಡಿ

ಫೆಬ್ರವರಿ ೯, ೧೯೨೭. ಬುಧವಾರ

ಮತ್ತೆ ಎಲೆಕೋಸಿನ ಸೂಪು. ಅಗನೇಥಾ ಅದಕ್ಕೆ ಮೆಣಸು ಹಾಕುವುದಿಲ್ಲ. ಹಾಕಿದರೆ ರಷ್ಯಾದ ಅಡುಗೆ ಆಗಿಬಿಡುತ್ತದಂತೆ. ಆರು ಹಸುಗಳ ಹಾಲು ಕರೆದು, ಬೆರಳು ಸೆಟೆದುಕೊಂಡು ಒಳಗೆ ಬಂದರೆ ಮೇಜಿನ ತುದಿಯಲ್ಲಿ ನನ್ನ ಬಟ್ಟಲು ತಣ್ಣಗಾಗಿ ಕೂತಿತ್ತು. ತಣ್ಣಗಾದದ್ದನ್ನೇ ಕುಡಿದೆ. ಬಿಸಿ ಮಾಡಿಕೊಳ್ಳಲೇ ಎಂದು ಕೇಳುವಷ್ಟು ಇನ್ನೂ ಇಳಿದಿಲ್ಲ.

ಈ ಅಗನೇಥಾ-ಅಬ್ರಾಮ್ ಹೀಬರ್ಟ್ ದಂಪತಿಗಳ ಸೂರಿನಡಿ ಎರಡು ವರ್ಷ ನಾಲ್ಕು ತಿಂಗಳಾಯಿತು. ಇವರ ಅಪ್ಪಂದಿರು ಐವತ್ತು ವರ್ಷದ ಹಿಂದೆಯೇ ರಷ್ಯಾ ಬಿಟ್ಟು ಈ ಮ್ಯಾನಿಟೋಬಾಕ್ಕೆ ಬಂದವರು. ನಮ್ಮ ಅಪ್ಪಂದಿರು ಅಲ್ಲೇ ಉಳಿದರು. ಇದಿಷ್ಟೇ ವ್ಯತ್ಯಾಸ. ಒಂದೇ ಮೆನ್ನೊನೈಟ್ ಮತ, ಮನೆಯಲ್ಲಿ ಆಡುವ ಜರ್ಮನ್ ಒಂದೇ, ಹಾಡಿನ ಪುಸ್ತಕ ಒಂದೇ. ಆದರೆ ನಾನು ಇವರಿಗೆ 'ರಷ್ಯಾದ ದೊರೆಸಾನಿ'. ಎಲ್ಲ ಸುಟ್ಟು ಹೋದ ಮೇಲೆ ಓಡಿ ಬಂದವಳು, ಆದರೂ ದೊರೆಸಾನಿ.

ಇವತ್ತು ಕೊಟ್ಟಿಗೆಯಲ್ಲಿ ಅಗನೇಥಾ: "ನಿಮ್ಮನೇಲಿ ಹಾಲು ಕರೆಯೋಕೆ ಆಳು ಇದ್ಲಂತಲ್ಲ ಯುಸ್ತೀನಾ. ಗೊತ್ತಾಗುತ್ತೆ ಬಿಡು, ಈ ಹಸು ಕೆಚ್ಚಲು ನೋಡಿದ್ರೆ."

"ಇದ್ಲು ಅಕ್ಕಾ. ಬಾಯಿ ಮುಚ್ಕೊಂಡು ಕೆಲಸ ಮಾಡೋಳು."

ಅವಳು ಬಕೆಟ್ ಎತ್ತಿಕೊಂಡು ಮುಂದಿನ ಹಸುವಿಗೆ ಹೋದಳು. ಸಂತೋಷವಾಯಿತು. ಪಾಪ ಎಂದು ಗೊತ್ತು, ಆದರೂ ಆಯಿತು.

ಮಗ ಕೊರ್ನಿಗೆ ಕೆಮ್ಮು ಹೆಚ್ಚು. ಪಟ್ಟಣದ ಡಾಕ್ಟರು ಸೋಮವಾರ ಬಂದು ಎದೆಗೆ ಕಿವಿಯಿಟ್ಟು ನೋಡಿ, ಎರಡೂ ಕಡೆ ನೀರು ತುಂಬಿದೆ ಎಂದರು. ಹೋಗುವಾಗ ನನ್ನ ಮುಖ ನೋಡಲಿಲ್ಲ.

ಫೆಬ್ರವರಿ ೧೩. ಭಾನುವಾರ

ಆರಾಧನೆ ಮೂರು ಗಂಟೆ. ಸಭೆಯ ಹಿರಿಯ ಪೀಟರ್ ಉನ್ರಾವ್ ತಮ್ಮ ಅಜ್ಜ ಬರೆದಿಟ್ಟ ಧರ್ಮಪ್ರಸಂಗವನ್ನೇ ಓದುತ್ತಾರೆ. ಪುಟ ತಿರುಗಿಸಲು ಬೆರಳಿಗೆ ಉಗುಳು ಹಚ್ಚಿಕೊಳ್ಳುತ್ತಾರೆ. ಎಡಬದಿಯ ಬೆಂಚಿನಲ್ಲಿ ಕರಿ ಸ್ಕಾರ್ಫು ಕಟ್ಟಿದ ನಲವತ್ತು ಹೆಂಗಸರು. ನನ್ನದೊಂದೇ ಟೋಪಿ. ಬೇರೆ ಇಲ್ಲ, ಅದಕ್ಕೇ ಹಾಕುತ್ತೇನೆ. ಈಗ ಬೇರೆ ಸಿಕ್ಕರೂ ಇದನ್ನೇ ಹಾಕುತ್ತೇನೆ.

"ಒಂದು ಕೋಳಿ ತಂದು ಅದರಲ್ಲಿ ಕಾವಿಗೆ ಕೂರಿಸಬಹುದು ನೋಡು," ಅಂದಳು ಅಗನೇಥಾ, ಸ್ಲೆಡ್ಜಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಅವಳ ಗಂಡ ಅಬ್ರಾಮ್ ಕುದುರೆಯ ಬೆನ್ನು ನೋಡುತ್ತಾ ಕೂತಿದ್ದ. ಆ ಮನುಷ್ಯ ಮೂವತ್ತೈದು ವರ್ಷದಿಂದ ಕುದುರೆಯ ಬೆನ್ನೇ ನೋಡುತ್ತಿದ್ದಾನೆ.

ಬಾಗಿಲಲ್ಲಿ ಹಿರಿಯರು ನಿಲ್ಲಿಸಿದರು. "ಮಗ ಹೇಗಿದ್ದಾನೆ ತಂಗಿ?"

"ಹಾಗೇ ಇದ್ದಾನೆ."

"ಇಪ್ಪತ್ತೇಳು ಆಯ್ತಲ್ವಾ ಅವನಿಗೆ? ಇನ್ನೂ ದೀಕ್ಷಾಸ್ನಾನ ಆಗಿಲ್ಲ." ಕೈಗವಸು ಹಾಕಿಕೊಳ್ಳುತ್ತಾ, "ಗುರುವಾರ ಬರ್ತೀನಿ," ಎಂದರು.

ಯಾಕೆ ಬರುತ್ತಾರೆಂದು ಗೊತ್ತು. ಯಾರೋ ಹೇಳಿದ್ದಾರೆ. ಅರವತ್ತು ಮೈಲಿ ದೂರದಲ್ಲಿರುವ ನಮ್ಮ ಕಡೆಯವರೇ ಯಾರೋ. ನಮ್ಮವರ ಬಾಯಿಗೆ ಯಾವ ಸಮುದ್ರವೂ ಅಡ್ಡ ಬರುವುದಿಲ್ಲ.

ಫೆಬ್ರವರಿ ೧೭. ಗುರುವಾರ

ಬರೆದುಬಿಡುತ್ತೇನೆ. ಎಂಟು ವರ್ಷದಿಂದ ಎಲ್ಲೂ ಬರೆದಿಲ್ಲ.

೧೯೧೯. ಅಕ್ಟೋಬರ್. ರಷ್ಯಾದ ನಮ್ಮ ಮನೆ. ಸಂಜೆ ಹಾಲು ಕರೆಯುವ ಹೊತ್ತು. ಒಂಬತ್ತು ಜನ ದರೋಡೆಕೋರರು ಕುದುರೆಯ ಮೇಲೆ ಅಂಗಳಕ್ಕೆ ಬಂದರು. ನನ್ನ ಗಂಡ ಯಾಕೋಬ್ ಬರಿಗೈಯಲ್ಲಿ ಎದುರು ಹೋದರು, ಊಟ ಮಾಡಿ ಹೋಗಿ ಎಂದು ಕರೆದರು. ನಮ್ಮ ಧರ್ಮ ಹೇಳಿದ್ದು ಅದನ್ನೇ. ಯಾರು ಏನು ಮಾಡಿದರೂ ಆಯುಧ ಮುಟ್ಟಬಾರದು. ಯಾಕೋಬರನ್ನು ಬಾವಿಯ ಹತ್ತಿರವೇ ಕಡಿದರು. ಆಮೇಲೆ ಮನೆಯ ಕಡೆ ತಿರುಗಿದರು. ಒಳಗೆ ನಾನು, ಹದಿಮೂರು ವರ್ಷದ ಲೇನಾ, ಮತ್ತು ಕೊರ್ನಿ. ಅವನು ಹುಲ್ಲಿನ ಅಟ್ಟದಿಂದ ಒಂದು ಬಂದೂಕು ತಂದ. ಅದು ಅಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಬಾಗಿಲಲ್ಲಿ ನಿಂತು ಇಬ್ಬರನ್ನು ಹೊಡೆದ. ಉಳಿದವರು ಓಡಿದರು.

ಲೇನಾಳನ್ನು ಯಾರೂ ಮುಟ್ಟಲಿಲ್ಲ. ನನ್ನನ್ನೂ.

ನಾನು ಅವನಿಗೆ ಏನಂದೆ? 'ಕಾಯಿನ' ಅಂದೆ. ಬೈಬಲಿನಲ್ಲಿ ತಮ್ಮನನ್ನು ಕೊಂದ ಕಾಯಿನ. ಹತ್ತೊಂಬತ್ತು ವರ್ಷದ ಹುಡುಗ, ಬಂದೂಕು ಇನ್ನೂ ಬಿಸಿ ಇತ್ತು. ಎರಡು ವರ್ಷ ಅವನ ಕೈಯಿಂದ ನೀರು ಇಸಿದುಕೊಳ್ಳಲಿಲ್ಲ.

ದೀಕ್ಷಾಸ್ನಾನಕ್ಕೆ ಮುಂಚೆ ಸಭೆಯ ಮುಂದೆ ನಿಂತು, ಮಾಡಿದ್ದು ಪಾಪ, ಪಶ್ಚಾತ್ತಾಪ ಪಡುತ್ತೇನೆ ಎನ್ನಬೇಕು. ಅವನು ಅನ್ನಲಿಲ್ಲ. ಅಲ್ಲೂ ಅನ್ನಲಿಲ್ಲ, ಇಲ್ಲೂ ಅನ್ನಲಿಲ್ಲ.

ಇವತ್ತು ಹಿರಿಯರು ಹಾಸಿಗೆಯ ಪಕ್ಕ ಕೂತು ಅದನ್ನೇ ಕೇಳಿದರು. ಕೊರ್ನಿ ಬಹಳ ಹೊತ್ತು ಉಸಿರು ಎಳೆದುಕೊಂಡು ಹೇಳಿದ: "ಇಬ್ಬರಿದ್ರು ಹಿರಿಯರೇ. ಒಬ್ಬನಿಗೆ ಗಡ್ಡ ಇತ್ತು. ಇನ್ನೊಬ್ಬನಿಗೆ ನನ್ನಷ್ಟೇ ವಯಸ್ಸು. ದಿನಾ ಇಬ್ಬರ ಮುಖಾನೂ ನೋಡ್ತೀನಿ. ಅಳು ಬರುತ್ತೆ. ಆದ್ರೆ ಮಾಡಬಾರದಾಗಿತ್ತು ಅಂತ ಹೇಳೋಕೆ ಬರಲ್ಲ. ನಮ್ಮ ಲೇನಾ ಇದ್ದಾಳಲ್ಲ."

"ಅಳು ಬೇರೆ, ಪಶ್ಚಾತ್ತಾಪ ಬೇರೆ ಮಗಾ."

"ಗೊತ್ತು. ಅದಕ್ಕೇ ಸುಳ್ಳು ಹೇಳ್ತಿಲ್ಲ."

ಹಿರಿಯರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು. ಹೊರಡುವಾಗ ನನಗೆ ಮೆಲ್ಲಗೆ ಹೇಳಿದರು, ಹೀಗೇ ಹೋದರೆ ಬೇಲಿಯೊಳಗೆ ಜಾಗ ಕೊಡಲು ಆಗುವುದಿಲ್ಲ ಎಂದು. ಸ್ಮಶಾನದ ಬೇಲಿ. ಊರಿಗೆ ಸಾವಿನ ಕಾಗದವೂ ಹೋಗುವುದಿಲ್ಲ.

ಫೆಬ್ರವರಿ ೧೮

ಕೈ ಮುಗಿದು ಕೇಳಿದೆ. ಕಾಲು ಹಿಡಿಯುವುದೊಂದು ಬಾಕಿ.

"ಒಂದು ಮಾತು ಕಣೋ. ನಿನ್ನ ಗಂಟೇನು ಹೋಗುತ್ತೆ?"

"ಅಮ್ಮಾ, ನೀನೇ ತಾನೇ ಕಲಿಸಿದ್ದು, ನಮ್ಮವರು ಆಣೆ ಇಡಲ್ಲ, ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ ಅಂತ. ನೀನು ಒಂದು ಸಲಾನಾದ್ರೂ ಸುಳ್ಳು ಹೇಳಿದ್ದೀಯಾ?"

ಹೇಳಿಲ್ಲ. ನಲವತ್ತೊಂಬತ್ತು ವರ್ಷದಲ್ಲಿ ಒಂದೂ ಇಲ್ಲ. ಇಷ್ಟು ದಿನ ಅದೇ ನನ್ನ ಹೆಮ್ಮೆಯಾಗಿತ್ತು.

ಸಿಟ್ಟು ಬಂದು ಸೂಪಿನ ಬಟ್ಟಲು ಅಲ್ಲೇ ಕುಕ್ಕಿ ಹೊರಗೆ ಬಂದೆ. ಸಾಯುತ್ತಿರುವ ಮಗನ ಮೇಲೆ ಸಿಟ್ಟು. ದೇವರೇ, ನೀನು ನನ್ನನ್ನು ಯಾವ ಮಣ್ಣಿನಿಂದ ಮಾಡಿದೆ?

ಮಾರ್ಚ್ ೨. ಬುಧವಾರ

ಭಾನುವಾರ ಬೆಳಗ್ಗೆ ಹೋದ.

ಹಾಲು ಕರೆದು ಬಂದು ಕೈ ಒರೆಸುತ್ತಿದ್ದೆ. ಕರೆದ. ಪಕ್ಕದಲ್ಲಿ ಕೂತೆ. "ಅಮ್ಮಾ, ಅವರು ಮತ್ತೆ ಬಂದ್ರೂ ಅದನ್ನೇ ಮಾಡ್ತೀನಿ. ಸಿಟ್ಟಾಗಬೇಡ," ಅಂದ. ನೀರು ಕೇಳಿದ. ಕುಡಿಸಿದೆ. ಅರ್ಧ ಹೊರಗೆ ಬಂತು. ಅಷ್ಟೇ.

ಸಿಟ್ಟಾಗಲಿಲ್ಲ ಎಂದು ಹೇಳಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಇರಲಿಲ್ಲ.

ತೊಳೆದು, ಬಿಳಿ ಅಂಗಿ ತೊಡಿಸಿ, ಕಾಳಿನ ಕಣಜದಲ್ಲಿ ಹಲಗೆಯ ಮೇಲೆ ಮಲಗಿಸಿದ್ದೇವೆ. ಅಲ್ಲಿ ನೀರು ಕಲ್ಲಾಗುವ ಚಳಿ. ಅವನು ಕಾಯಬಲ್ಲ. ವಿನ್ನಿಪೆಗ್‌ನಲ್ಲಿ ಇಂಗ್ಲಿಷರ ಮನೆಗೆಲಸಕ್ಕಿರುವ ಲೇನಾಗೆ ಅಬ್ರಾಮ್ ತಂತಿ ಕೊಟ್ಟು ಬಂದ.

ಮೂರು ದಿನವಾಯಿತು. ಊರಿನ ಯಾವ ಹೆಂಗಸೂ ಬಾಗಿಲಿಗೆ ಬಂದಿಲ್ಲ. ಹಿರಿಯರು ಏನು ಹೇಳುತ್ತಾರೋ ಎಂದು ಕಾಯುತ್ತಿದ್ದಾರೆ. ಕಿಟಕಿಯ ಪರದೆಗಳು ಮಾತ್ರ ಅಲ್ಲಾಡುತ್ತವೆ. ಇವರಿಗೆ ಸಾವೂ ಅಪ್ಪಣೆ ತೆಗೆದುಕೊಂಡೇ ಬರಬೇಕು.

ಮಾರ್ಚ್ ೩. ಗುರುವಾರ

ಹಿರಿಯರು ಬಂದಿದ್ದರು.

ಹಿರಿಯರು ದೊಡ್ಡ ಕೋಣೆಯಲ್ಲಿ ಕೂತರು. ಟೋಪಿ ತೊಡೆಯ ಮೇಲೆ. ಅಬ್ರಾಮ್ ಗೋಡೆಗೆ ಒರಗಿ ನಿಂತಿದ್ದ. ಅಗನೇಥಾ ಒಲೆಯ ಬಾಯಲ್ಲಿ ಬೂದಿ ತೆಗೆಯುತ್ತಿದ್ದಳು, ಬೆನ್ನು ನಮ್ಮ ಕಡೆ.

"ಒಂದೇ ಮಾತು ತಂಗಿ. ಕೊನೇಲಿ ಅವನು ಪಶ್ಚಾತ್ತಾಪ ಪಟ್ಟನೋ ಇಲ್ವೋ? ಹೌದು ಅಂದ್ರೆ ಹೌದು. ಇಲ್ಲ ಅಂದ್ರೆ ಇಲ್ಲ. ನಾನು ಕೆದಕಲ್ಲ."

ಕೆದಕುವುದಿಲ್ಲ. ನಿಜ. ನಮ್ಮಲ್ಲಿ ಯಾರೂ ಕೆದಕುವುದಿಲ್ಲ. ಹೌದು ಎಂದರೆ ಸಾಕಿತ್ತು. ಎರಡು ಅಕ್ಷರ, ಆರಡಿ ಜಾಗ. ಅವರೂ ಅದನ್ನೇ ಬಯಸುತ್ತಿದ್ದರು ಎಂದು ಕಾಣುತ್ತದೆ. ನನ್ನ ಕಡೆ ನೋಡದೆ ಟೋಪಿಯ ಅಂಚನ್ನೇ ತಿರುಗಿಸುತ್ತಿದ್ದರು.

"ಇಲ್ಲ," ಅಂದೆ.

ಹಿರಿಯರು ಎದ್ದು ನಿಂತರು.

ಆಗ ಅಗನೇಥಾ, ತಿರುಗದೆಯೇ: "ಅಂದ. ನಾನೇ ಕೇಳಿದೀನಿ."

"ಏನು ಕೇಳಿದೆ?"

"ಭಾನುವಾರ ಬೆಳಗ್ಗೆ. ಇವಳು ಕೊಟ್ಟಿಗೇಲಿದ್ಲು. ನಾನು ಒಲೆಗೆ ಸೌದೆ ತುಂಬೋಕೆ ಬಂದೆ. ದೇವರೇ, ನನ್ನ ಕೈಯಿಂದ ಆಗಿದ್ದನ್ನ ಕ್ಷಮಿಸು ಅಂದ. ಎರಡು ಸಲ ಅಂದ."

ಭಾನುವಾರ ಬೆಳಗ್ಗೆ ಅಗನೇಥಾ ಕೊಟ್ಟಿಗೆಯಲ್ಲೇ ಇದ್ದಳು. ನನ್ನ ಪಕ್ಕದ ಹಸುವಿನ ಹತ್ತಿರ ಮೊದಲಿನಿಂದ ಕೊನೆಯವರೆಗೆ. ಬೆಣ್ಣೆಗೆ ಉಪ್ಪು ಜಾಸ್ತಿ ಹಾಕುತ್ತೀಯ ಎಂದು ನನ್ನನ್ನು ಬೈಯುತ್ತಿದ್ದಳು.

"ಯುಸ್ತೀನಾ ತಂಗಿ?" ಹಿರಿಯರು ನನ್ನನ್ನೇ ನೋಡುತ್ತಿದ್ದರು.

ಬಾಯಿ ತೆರೆದೆ. ಮುಚ್ಚಿದೆ.

"ಹೆತ್ತವಳ ಸಂಕಟ," ಎಂದರು ಅವರು. "ದೇವರಿಗೆ ಸ್ತೋತ್ರ."

ಅವರು ಹೋದ ಮೇಲೆ ಕೇಳಿದೆ. "ಯಾಕೆ ಹೇಳಿದ್ರಿ?"

"ಏನನ್ನ?" ಅಂದಳು. ಬೂದಿಯ ಬಕೆಟ್ ಎತ್ತಿಕೊಂಡು ಹೊರಗೆ ಹೋದಳು.

ಈ ಹೆಂಗಸು ನನ್ನ ಮಗನ ಬಾಯಿಗೆ ಅವನು ಆಡದ ಮಾತು ತುರುಕಿದಳು. ಉಸಿರಿಗೆ ಒದ್ದಾಡುತ್ತಾ ಅವನು ಹೇಳಲು ಒಪ್ಪದ ಮಾತು. ಸುಮ್ಮನಿದ್ದೆನಲ್ಲ, ನನ್ನನ್ನು ಏನೆನ್ನಬೇಕು?

ಮಾರ್ಚ್ ೪

ಸಾವಿನ ಕಾಗದ ಹೊರಟಿತು. ಕೊರ್ನೆಲಿಯುಸ್ ಎಸಾವ್ ದೇವರಲ್ಲಿ ನಿದ್ರಿಸಿದ್ದಾನೆ, ನಾಳೆ ಒಂದು ಗಂಟೆಗೆ ಬನ್ನಿ ಎಂದು ಮೇಲೆ, ಕೆಳಗೆ ಮನೆಗಳ ಹೆಸರು. ಓದಿದವರು ಪಕ್ಕದ ಮನೆಗೆ ದಾಟಿಸಬೇಕು. ಅಬ್ರಾಮ್ ಚಂದದ ಅಕ್ಷರದಲ್ಲಿ ಬರೆದ. ಆ ಮನುಷ್ಯನಿಗೆ ಬರೆಯಲು ಬರುತ್ತದೆಂದು ಇವತ್ತೇ ಗೊತ್ತಾಯಿತು.

ಮಧ್ಯಾಹ್ನ ಮೂರು ತೊಟ್ಟಿ ಹಿಟ್ಟು ನಾದಿದೆವು, ಅಗನೇಥಾ ಒಂದು ತುದಿ, ನಾನೊಂದು ತುದಿ. ಹಿಟ್ಟು ಉಬ್ಬಿದ ಮೇಲೆ ಹೆಂಗಸರು ಬಂದು ಪಾತ್ರೆಗೆ ತುಂಬಿಕೊಂಡು ಹೋದರು, ಸಾವಿನೂಟದ ಜೋಡಿಬನ್ನುಗಳನ್ನು ತಮ್ಮ ತಮ್ಮ ಒಲೆಯಲ್ಲಿ ಸುಟ್ಟು ತರಲು. ಮೂರು ದಿನ ಪರದೆಯ ಹಿಂದೆ ನಿಂತಿದ್ದವರೇ ಕೆನ್ನೆ ಒರೆಸಿಕೊಂಡು, ನನ್ನ ಭುಜ ತಟ್ಟಿ, ಪುಣ್ಯವಂತ ಅಂದರು.

ಸಂಜೆ ಊರಿಡೀ ಬನ್ನಿನ ವಾಸನೆ. ಹೊಟ್ಟೆ ಹಸಿಯಿತು. ನಾಚಿಕೆಯಾಯಿತು, ಆದರೂ ಹಸಿಯಿತು.

ಮಾರ್ಚ್ ೫. ಶನಿವಾರ

ಆಯಿತು. ಬೇಲಿಯೊಳಗೆ. ಮೂರನೇ ಸಾಲು. ನೆಲ ಕಬ್ಬಿಣವಾಗಿತ್ತು, ಎರಡು ದಿನ ಹುಲ್ಲು ಸುಟ್ಟು ಮಣ್ಣು ಮೆದು ಮಾಡಿ ಅಗೆದರು.

ಲೇನಾ ಬಂದಳು. ಇಂಗ್ಲಿಷರ ಕೋಟು, ಗಿಡ್ಡ ಕೂದಲು. ಬಾಯ್ಬಿಟ್ಟು ಯಾರೂ ಏನೂ ಅನ್ನಲಿಲ್ಲ. ಹಿರಿಯರು ಪ್ರಸಂಗದಲ್ಲಿ, ಕೊನೆಯ ಗಳಿಗೆಯಲ್ಲಿ ಬಂದೂಕಿನ ಪಾಪವನ್ನು ಕಣ್ಣೀರಿನಿಂದ ತೊಳೆದುಕೊಂಡ ಮಗ ಎಂದಾಗ ಅವಳು ಥಟ್ಟನೆ ತಿರುಗಿ ನನ್ನನ್ನು ನೋಡಿದಳು. ಸ್ಟೇಷನ್ನಿನಲ್ಲಿ ಕೇಳಿದಳು: "ಹಾಗಾದ್ರೆ ನನ್ನನ್ನ ಉಳಿಸಿದ್ದು ತಪ್ಪಾಯ್ತು ಅಂದನಾ ಅಣ್ಣ?"

ರೈಲು ಬಂತು. ಉತ್ತರ ಕೊಡದಿರಲು ನೆವ ಸಿಕ್ಕಿತು.

ವಾಪಸು ಬರುವಾಗ ಸ್ಮಶಾನದ ಬೇಲಿಯಾಚೆ ಹಿಮದಲ್ಲಿ ಒಂದು ಕಲ್ಲು ಕಂಡಿತು. ಹೆಸರಿಲ್ಲ. ಅಬ್ರಾಮ್ ಕುದುರೆಯ ಬೆನ್ನು ನೋಡುತ್ತಲೇ ಹೇಳಿದ: "ಅಗನೇಥಾ ತಮ್ಮ. ಹದಿನೆಂಟು ವರ್ಷ. ಕೊಟ್ಟಿಗೇಲಿ ಹಗ್ಗ ಹಾಕ್ಕೊಂಡ. ಬೇಸಿಗೇಲಿ ಅಲ್ಲಿ ದನ ಮೇಯ್ತವೆ. ಇವಳು ಓಡಿಸ್ತಾ ಇರ್ತಾಳೆ."

ಎರಡು ವರ್ಷದಲ್ಲಿ ಅವನು ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು ಅದು.

ಏಪ್ರಿಲ್ ೧೦. ಗರಿಗಳ ಭಾನುವಾರ

ಬರೆಯಲು ಏನೂ ಇರಲಿಲ್ಲ. ಹಾಲು, ಬೆಣ್ಣೆ, ಕೆಸರು. ಹಿಮ ಕರಗಿತು. ಅಗನೇಥಾ ಮೊದಲಿಗಿಂತ ಕಡೆ. ನಿನ್ನೆ ನಾನು ತೊಳೆದ ಕ್ಯಾನುಗಳನ್ನೆಲ್ಲ ನನ್ನ ಕಣ್ಣೆದುರೇ ಮತ್ತೆ ತೊಳೆದಳು. ನಾನೂ ಬಿಡುವವಳಲ್ಲ, ಅವಳು ಹೆಣೆದ ಕಾಲುಚೀಲ ಬಿಚ್ಚಿ ಮತ್ತೆ ಹೆಣೆದೆ.

ಇವತ್ತು ಪ್ರಭುವಿನ ಊಟಕ್ಕೆ ಮುಂಚಿನ ಸಿದ್ಧತೆಯ ಪ್ರಸಂಗ. ಶುಕ್ರವಾರ ರೊಟ್ಟಿ ಮುರಿದು ಹಂಚುತ್ತಾರೆ. ಅಷ್ಟರೊಳಗೆ ಎಲ್ಲರ ಜೊತೆ ಸಮಾಧಾನ ಮಾಡಿಕೊಳ್ಳಬೇಕು. ಮನಸ್ಸಿನಲ್ಲಿ ಸುಳ್ಳಿಟ್ಟುಕೊಂಡು ಆ ರೊಟ್ಟಿ ತಿಂದವನು ತನ್ನ ನರಕವನ್ನೇ ತಿಂದ ಹಾಗೆ ಎಂದರು ಹಿರಿಯರು. ವರ್ಷಕ್ಕೆ ಎರಡು ಸಲ ಹೇಳುವ ಮಾತೇ. ಆದರೆ ಇವತ್ತು ಅಗನೇಥಾ ಸ್ಕಾರ್ಫು ಮುಂದೆ ಎಳೆದುಕೊಂಡಳು. ಮನೆಗೆ ಬಂದು ಊಟ ಮಾಡಲಿಲ್ಲ.

ಮಾಡದಿರಲಿ. ಸುಳ್ಳು ಹೇಳು ಎಂದು ನಾನೇನು ಕೇಳಿಕೊಂಡಿದ್ದೆನೆ?

ಏಪ್ರಿಲ್ ೧೩. ಬುಧವಾರ. ಸಂಜೆ ಐದು

ಅಗನೇಥಾಗೆ ಮೂರು ದಿನದಿಂದ ಬರೀ ಕಾಫಿ. ನಿನ್ನೆ ಹಾಲಿನ ಬಕೆಟ್ ಕೈಜಾರಿ ಬಿತ್ತು. ನನ್ನನ್ನು ಬೈಯಲೂ ಇಲ್ಲ. ಅದಕ್ಕೇ ಭಯವಾಯಿತು.

ಇವತ್ತು ಆಲೂಗೆಡ್ಡೆಯ ನೆಲಮಾಳಿಗೆಗೆ ನನ್ನ ಹಿಂದೆಯೇ ಇಳಿದು ಬಂದಳು. ಮೆಟ್ಟಿಲ ಮೇಲೆ ಕೂತಳು. ಐವತ್ತೆಂಟು ವರ್ಷದ ಹೆಂಗಸು, ಹಲ್ಲು ಕಡಿದುಕೊಂಡು ಹೇಳಿದಳು.

"ನಿನ್ನ ಹತ್ರ ಏನೂ ಕೇಳಬಾರದು ಅಂದ್ಕೊಂಡಿದ್ದೆ. ಕೇಳ್ತಿದೀನಿ. ನಿನ್ನ ಮಗ ಯಾವತ್ತಾದ್ರೂ ನಿನಗೆ ಹೇಳಿದ್ನಾ, ತಪ್ಪಾಯ್ತು ಅಂತ? ಒಂದು ಸಲ? ಮೆಲ್ಲಗೆ?"

ನಾನು ಆಲೂಗೆಡ್ಡೆ ಆರಿಸುತ್ತಿದ್ದೆ.

"ಹೇಳಿದ್ರೆ ನನ್ನ ಮಾತು ಸುಳ್ಳಾಗಲ್ಲ ಯುಸ್ತೀನಾ. ನಾನು ಕೇಳಿದೆ ಅಂದಿದ್ದು ತಪ್ಪು, ಅದನ್ನ ದೇವರ ಹತ್ರ ನೋಡ್ಕೋತೀನಿ. ಆದ್ರೆ ಮಾತು ನಿಜ ಆಗುತ್ತೆ. ಇಲ್ಲದಿದ್ರೆ ಹಿರಿಯರ ಹತ್ರ ಹೋಗಿ ಒಪ್ಕೋಬೇಕು. ಒಪ್ಕೊಂಡ್ರೆ ಅವನನ್ನ ಅಲ್ಲಿಂದ..."

ಮುಗಿಸಲಿಲ್ಲ. ನೆಲ ಮೆತ್ತಗಾಗಿದೆ ಎಂದು ಇಬ್ಬರಿಗೂ ಗೊತ್ತು. ಈಗ ಅಗೆಯುವುದು ಕಷ್ಟವಲ್ಲ.

"ಹೋಗಬೇಡ ಅಂದ್ರೆ ಹೋಗಲ್ಲ. ರೊಟ್ಟಿ ಮುಟ್ಟದೆ ಇರ್ತೀನಿ. ಈ ವರ್ಷ, ಮುಂದಿನ ವರ್ಷ. ಆದ್ರೆ ನಾನು ಹೀಗೇ ಸತ್ರೆ?"

ಎಷ್ಟು ದಿನದಿಂದ ಈ ಹೆಂಗಸು ನನ್ನ ಮುಂದೆ ಬಗ್ಗುವುದನ್ನು ನೋಡಬೇಕೆಂದು ಕಾದಿದ್ದೆ. ಬಗ್ಗಿದಳು. ಸಂತೋಷ ಬರಲಿಲ್ಲ. ಅವಳ ಕೈ ನೋಡಿದೆ. ಚಳಿಗೆ ಒಡೆದ ಕೈ, ದನ ಓಡಿಸುವ ಕೈ.

ಕೊರ್ನಿ ಕೇಳಿದ್ದ, ಒಂದು ಸಲಾನಾದ್ರೂ ಸುಳ್ಳು ಹೇಳಿದ್ದೀಯಾ ಎಂದು.

"ಹೇಳಿದ್ದ ಅಕ್ಕಾ," ಅಂದೆ. "ಆ ಭಾನುವಾರವೇ ಹೇಳಿದ್ದ. ಕ್ಷಮಿಸು ಅಂದ. ಅವತ್ತು ಹಿರಿಯರ ಮುಂದೆ ಇಲ್ಲ ಅಂದಿದ್ದು ನಾನು. ಸಿಟ್ಟಿಗೆ. ಇವರ ಮುಂದೆ ನನ್ನ ಮಗ ಯಾಕೆ ತಲೆ ಬಗ್ಗಿಸಬೇಕು ಅಂತ. ಸುಳ್ಳು ಹೇಳಿದವಳು ನಾನು. ನೀವಲ್ಲ."

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ನಂಬುತ್ತಾಳೆಂದು ಗೊತ್ತಿತ್ತು. ನಮ್ಮವರು ನಂಬಿಬಿಡುತ್ತಾರೆ. ಮುಖಕ್ಕೆ ಬಣ್ಣ ಬಂತು. ಎದ್ದಳು. ಮೆಟ್ಟಿಲು ಹತ್ತುತ್ತಾ, ಕೊಳೆತದ್ದನ್ನು ಬೇರೆ ಬುಟ್ಟಿಗೆ ಹಾಕು ಅಂದಳು.

ಅವಳು ಮೇಲೆ ಹೋದ ಮೇಲೆ ಅಲ್ಲೇ ಕೂತು ಅತ್ತೆ. ಹೆತ್ತ ಮಗನಿಗಾಗಿ ಹೇಳದ ಸುಳ್ಳು. ಇವಳಿಗೆ ಹೇಳಿದೆ. ಇವಳಿಗೆ.

ಏಪ್ರಿಲ್ ೧೫. ಗುಡ್ ಫ್ರೈಡೇ. ಬೆಳಗ್ಗೆ

ಎಲ್ಲರೂ ಹೋದರು. ತಲೆನೋವು ಎಂದೆ. ಇನ್ನೊಂದು ಸುಳ್ಳು, ಇದು ಸುಲಭವಾಗಿ ಬಂತು.

ಆ ರೊಟ್ಟಿ ನನಗಿಲ್ಲ. ಹೋಗಿ ಒಪ್ಪಿಕೊಂಡರೆ ಅಗನೇಥಾಳೂ ಹೋದಳು, ಕೊರ್ನಿಯೂ ಬೇಲಿಯಾಚೆ. ಒಪ್ಪಿಕೊಳ್ಳದಿದ್ದರೆ ನಾನು ಆಚೆ. ಲೆಕ್ಕ ಸರಿಯಾಗಿದೆ. ಆದರೆ ಹದಿನೆಂಟನೇ ವಯಸ್ಸಿನಿಂದ ಒಂದು ಸಲವೂ ತಪ್ಪಿಸಿದವಳಲ್ಲ. ಯಾಕೋಬರನ್ನು ಹೂತ ವಾರವೂ ತಿಂದಿದ್ದೆ. ಈಗ ಅವರು ತಿನ್ನುತ್ತಿರುತ್ತಾರೆ. ಬಾಯಿ ಒಣಗುತ್ತಿದೆ.

ಅದೇ ದಿನ. ಮಧ್ಯಾಹ್ನ

ಬಂದರು. ಅಗನೇಥಾಳ ಮುಖ ತೊಳೆದಿಟ್ಟ ಹಾಗೆ. ಎರಡು ಬಟ್ಟಲು ಸೂಪು ಕುಡಿದಳು. ನನ್ನ ಬಟ್ಟಲು ನಾನು ಕೂರುವ ಮುಂಚೆಯೇ ತಣ್ಣಗಿತ್ತು.

"ಬರಲಿಲ್ಲ ನೀನು."

"ತಲೆನೋವು ಅಕ್ಕಾ."

"ತಲೆನೋವಲ್ಲ, ಕೊಬ್ಬು." ಚಮಚ ಕೆಳಗಿಟ್ಟಳು. "ಹೋಗಿ ಹಿರಿಯರ ಹತ್ರ ಹೇಳ್ಕೊಂಡಿದ್ರೆ ಏನಾಗ್ತಿತ್ತು? ಸತ್ತ ಮಗನ ಮೇಲೇ ಸುಳ್ಳು ಹೇಳಿದೋಳು ನೀನು. ಅವನು ಪಾಪ, ತಲೆ ಬಗ್ಗಿಸಿ ಹೋದ. ಮಗ ಕಲಿತದ್ದನ್ನ ತಾಯಿ ಕಲೀಲಿಲ್ಲ."

ಅಬ್ರಾಮ್ ತಲೆಯೆತ್ತಿ ನನ್ನನ್ನು ನೋಡಿದ. ಕೊರ್ನಿ ಹೋದ ಭಾನುವಾರ ಬೆಳಗ್ಗೆ ಕೊಟ್ಟಿಗೆಯಲ್ಲಿ ಅವನೂ ಇದ್ದ. ಇಷ್ಟು ದಿನ ಒಲೆಯ ಗೋಡೆಯ ಈಚೆ ಕೂತು ಅವನು ನಮ್ಮ ಮಾತು ಏನೇನು ಕೇಳಿಸಿಕೊಂಡಿದ್ದಾನೋ, ಆ ಮನುಷ್ಯ ಹೇಳುವುದಿಲ್ಲ.

"ಹೌದು ಅಕ್ಕಾ," ಅಂದೆ. "ಕಲೀಲಿಲ್ಲ."

ನನಗೆ ಅವಳ ಮೇಲೆ ಈಗಲೂ ಸಿಟ್ಟು. ಇವತ್ತು ಇನ್ನೂ ಜಾಸ್ತಿ. ಆದರೂ ಅವಳು ಉಂಡಳಲ್ಲ ಎಂದು ಮನಸ್ಸಿನ ಯಾವುದೋ ಮೂಲೆ ಹಗುರಾಗಿದೆ. ಹೇಗೆಂದು ಕೇಳಬೇಡ ದೇವರೇ, ನನಗೂ ಗೊತ್ತಿಲ್ಲ.

ಲೇನಾಗೆ ಕಾಗದ ಬರೆಯಬೇಕು, ಅಣ್ಣ ಹಾಗೆ ಅನ್ನಲೇ ಇಲ್ಲ ಎಂದು. ಆ ಕಾಗದ ಯಾರ ಕೈಗಾದರೂ ಸಿಕ್ಕರೆ? ಬರೆಯಲಾರೆ. ಅವಳು ಜೀವನವಿಡೀ ಹಾಗೇ ಅಂದುಕೊಂಡಿರುತ್ತಾಳೆ, ಉಳಿಸಿದ್ದಕ್ಕೆ ಅಣ್ಣ ಮರುಗಿದ ಎಂದು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನೆಲಮಾಳಿಗೆಯಲ್ಲಿ ಕೂತಾಗ ಅಗನೇಥಾಳ ಕೈ ನೋಡಿದೆ, ಕೊರ್ನಿಯನ್ನು ನೆನೆದೆ, ನನ್ನ ಮಗಳನ್ನು ಮಾತ್ರ ನೆನೆಯಲಿಲ್ಲ.